ಅಳತೆಗೋಲು ಒಂದೇ ಇರಲಿ
“ಆದಿವಾಸಿಗಳಿಗೇಕೆ ಪ್ರತ್ಯೇಕ ರಾಜ್ಯ? ಇದು ದೇಶವನ್ನು ಒಡೆಯುವ ಮಾತು” ಎಂದು ನಮ್ಮ ಕನ್ನಡ ಬಂಧುಗಳಲ್ಲಿಯೇ ಕೆಲವರು ಮೂಗು ಮುರಿಯುವುದುಂಟು. ಚಂದಗಡದಲ್ಲಿ ಕುಳಿತು ಹೀಗೆನ್ನುವುದು ನಮಗೆ ಒಪ್ಪದು. 1956ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದಾಗ ಈ ತಾಲೂಕೊಂದನ್ನು ಮಾತ್ರ ಬೇರ್ಪಡಿಸಿ ಮುಂಬಯಿ ರಾಜ್ಯದಲ್ಲಿ ಉಳಿಸಿದರು. ಇಲ್ಲಿ ಬಹುಜನರ ನುಡಿ ಮರಾಠಿ. ಆದುದರಿಂದ ಅದನ್ನು ಅನ್ಯಾಯವೆನ್ನಲಾಗದು. ಆದರೆ ಗೆರೆಯ ಆಚೆಗುಳಿದ ಅಲ್ಪಸಂಖ್ಯಾತನ ಪಾಡನ್ನು ನಾವು ಬಲ್ಲೆವು.

ಛೋಟಾನಾಗಪುರದ ಆದಿವಾಸಿಗಳ ಪಾಡು ಇದಕ್ಕಿಂತ ಕಠಿಣವಾದುದು. ಜೈಪಾಲ್ ಸಿಂಗ್ ಮುಂಡಾ ಅವರು ಮುಂದಿಟ್ಟ ಝಾರ್ಖಂಡದ ಬೇಡಿಕೆಯನ್ನು ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ತಳ್ಳಿಹಾಕಿತು. ಆದಿವಾಸಿಗಳು ಆ ಸೀಮೆಯಲ್ಲಿ ಅಲ್ಪಸಂಖ್ಯಾತರು, ಅವರ ನುಡಿಗಳು ಹಲವು ಎಂಬುದು ಅದಕ್ಕಿತ್ತ ಕಾರಣ. ಗಣಿ ಕಾರಖಾನೆಗಳಿಗಾಗಿ ಹೊರಗಿನವರು ಬಂದು ತುಂಬಿದ ಮೇಲೆ ತಲೆಯೆಣಿಸಿ ತೀರ್ಪು ಕೊಡುವುದು ಯಾವ ನ್ಯಾಯ? ಅಲ್ಲಿಯ ಉರಾಂವರಾಡುವ ಕುಡುಖ್ ಕನ್ನಡದಂತೆಯೇ ದ್ರಾವಿಡ ನುಡಿ. ಸೋದರಿಯ ಕೂಗು ನಮಗೂ ಕೇಳಿಸಬಾರದೆ?

2000ದ ನವೆಂಬರ 15ರಂದು ಝಾರ್ಖಂಡ ರಾಜ್ಯವಾಯಿತು, ದೇಶವೇನೂ ಒಡೆಯಲಿಲ್ಲ. ಸಂತಾಲಿಯು ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಲು ಮಾತ್ರ 2003ರ ವರೆಗೆ ಕಾಯಬೇಕಾಯಿತು. ಗಡಿಯಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಶಾಲೆಯನ್ನು ಕೇಳುವ ನಾವು ಅನ್ಯರ ಬೇಡಿಕೆಯನ್ನು ಹಳಿದರೆ, ನಾವು ಕೇಳುತ್ತಿರುವುದು ನ್ಯಾಯವಲ್ಲ, ಬರಿಯ ಸ್ವಾರ್ಥ.