ಬಿಸಿನೀರಿಗೆ ಬಿದ್ದ ಬಟ್ಟೆಯನ್ನು ಬಿಸಾಡುವ ಮೊದಲು

ಹೊಸ ಬಟ್ಟೆ ಮನೆಗೆ ಬಂದ ಕೂಡಲೇ ಒಳಗಿರುವ ಸಣ್ಣ ಬಿಳಿ ಪಟ್ಟಿಯನ್ನು ಕತ್ತರಿಸಿ ಎಸೆಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಚುಚ್ಚುತ್ತದೆ ಎನ್ನುವುದು ಕಾರಣ. ನನ್ನ ಅಭಿಪ್ರಾಯದಲ್ಲಿ ಆ ಪಟ್ಟಿ ಬಟ್ಟೆಯ ಬಿಲ್ಲಿಗಿಂತ ಮುಖ್ಯ. ಅಕೌಂಟೆನ್ಸಿ ಓದುವವಳು ಬಿಲ್ಲಿನ ಬಗ್ಗೆ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ.

ಹಿಂದೆ ಮನೆಯಲ್ಲಿ ದಿನಬಳಕೆಯ ಬಟ್ಟೆ ಎಂದರೆ ಹತ್ತಿ. ನಮ್ಮ ದಾವಣಗೆರೆಯಲ್ಲಂತೂ ಹತ್ತಿ ಗಿರಣಿಗಳ ಕಾಲವನ್ನು ನೆನೆಯುವ ಹಿರಿಯರು ಇನ್ನೂ ಇದ್ದಾರೆ. ಹತ್ತಿಯನ್ನು ದೊಡ್ಡ ಪಾತ್ರೆಯಲ್ಲಿ ಸೋಡಾ ಹಾಕಿ ಕುದಿಸಿದರೂ ತಡೆಯುತ್ತದೆ, ಕೊಳೆಯೂ ಬಿಡುತ್ತದೆ. "ಗರಂ ಪಾನಿ ಮೇಂ ಡಾಲೋ" (ಬಿಸಿನೀರಿಗೆ ಹಾಕಿ) ಎಂದು ನನ್ನ ದಾದಿ ಇವತ್ತಿಗೂ ಹೇಳುವುದು ಆ ಅನುಭವದಿಂದ. ದಾದಿಯ ಮಾತು ತಪ್ಪಲ್ಲ. ಬಟ್ಟೆ ಬದಲಾಯಿತು, ಅದನ್ನು ಅವರಿಗೆ ಯಾರೂ ತಿಳಿಸಲಿಲ್ಲ.

ಈಗ ನಮ್ಮ ಕಪಾಟಿನಲ್ಲಿ ಏನಿದೆ ನೋಡಿ. ಜೆರ್ಸಿ, ಟ್ರ್ಯಾಕ್ ಪ್ಯಾಂಟ್, ಲೆಗ್ಗಿಂಗ್ಸ್, ಹಿಜಾಬ್ ಒಳಗೆ ಹಾಕುವ ಟೋಪಿ. ಹೆಚ್ಚಿನವು ಪಾಲಿಯೆಸ್ಟರ್ ಅಥವಾ ನೈಲಾನ್, ಜೊತೆಗೆ ಒಂದಿಷ್ಟು ಎಲಾಸ್ಟೇನ್. ನಾವು ಲೈಕ್ರಾ ಎಂದು ಕರೆಯುವುದು ಇದನ್ನೇ. 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞರು ಇದನ್ನು ತಯಾರಿಸಿದರು. ನೂರಕ್ಕೆ ಐದು ಪಾಲು ಇದ್ದರೂ ಸಾಕು, ಇಡೀ ಬಟ್ಟೆ ಹಿಗ್ಗುತ್ತದೆ, ಬಿಟ್ಟೊಡನೆ ಮತ್ತೆ ಕುಗ್ಗುತ್ತದೆ. ಬಿಸಿಯನ್ನು ಸಹಿಸದಿರುವುದೂ ಆ ಐದು ಪಾಲೇ. ಪಟ್ಟಿಯಲ್ಲಿ ನೀರಿನ ತೊಟ್ಟಿಯ ಚಿತ್ರದೊಳಗೆ 30 ಅಥವಾ 40 ಎಂದು ಬರೆದಿರುತ್ತಾರಲ್ಲ, ಅದು ಸೆಲ್ಸಿಯಸ್ ಲೆಕ್ಕ. ನೀರು ಅದಕ್ಕಿಂತ ಬಿಸಿ ಇರಬಾರದು ಎಂದು. ನಮ್ಮ ಹಾಸ್ಟೆಲ್ಲಿನ ಸೋಲಾರ್ ನಲ್ಲಿಯಲ್ಲಿ ಬೇಸಿಗೆಯ ಮಧ್ಯಾಹ್ನ ಬರುವ ನೀರಿಗೆ ಕೈಯನ್ನೇ ಒಡ್ಡಲಾಗದು.

ಬಟ್ಟೆ ಹಾಳಾದರೆ ಇನ್ನೊಂದು ಕೊಂಡರಾಯಿತು ಎನ್ನುವವರಿಗೆ ನಮ್ಮ ಖೋಖೋ ತಂಡದ ವಿಷಯ ಹೇಳಬೇಕು. ಆಟಗಾರ್ತಿಯೊಬ್ಬಳು ಎರಡು ವಾರ ಅಭ್ಯಾಸಕ್ಕೆ ಬರಲಿಲ್ಲ. ಕೇಳಿದರೆ ಕಾಲುನೋವು ಎಂದಳು. ನಿಜವಾಗಿ ಆದದ್ದು ಇಷ್ಟು: ಮಳೆಯಲ್ಲಿ ಆಡಿ ಕೆಸರಾದ ಅವಳ ಟೈಟ್ಸ್ ಅನ್ನು ಅವಳ ನಾನಿ ಪ್ರೀತಿಯಿಂದಲೇ ಕುದಿಯುವ ನೀರಿಗೆ ಹಾಕಿದ್ದರು. ಸೊಂಟ ಸಡಿಲವಾಯಿತು, ಮಂಡಿಯ ಹತ್ತಿರ ಚೀಲದಂತಾಯಿತು. ಖೋಖೋದಲ್ಲಿ ಚೌಕದೊಳಗೆ ಕುಕ್ಕರಗಾಲಲ್ಲಿ ಕೂತು, ಬೆನ್ನ ಮೇಲೆ ಖೋ ಬಿದ್ದೊಡನೆ ಎದ್ದು ಓಡಬೇಕು. ಜಾರುವ ಬಟ್ಟೆಯಲ್ಲಿ ಯಾವ ಹುಡುಗಿ ಓಡುತ್ತಾಳೆ? ಅದು ಈದ್‌ಗೆ ಕೊಡಿಸಿದ್ದು. ಮತ್ತೆ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಮೈ ಮುಚ್ಚುವ ಬಟ್ಟೆ ಇದ್ದರೆ ಮಾತ್ರ ಮೈದಾನಕ್ಕೆ ಕಳುಹಿಸುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥ ಕಡೆ ಒಂದು ಬಕೆಟ್ ಬಿಸಿನೀರು ಒಬ್ಬಳ ಆಟವನ್ನೇ ನಿಲ್ಲಿಸಬಲ್ಲದು.

ಆದ್ದರಿಂದ ಬಿಸಾಡುವ ಮೊದಲು ಏನಾಗಿದೆ ಎಂದು ನೋಡಬೇಕು. ಬರೀ ಸುಕ್ಕು ಕೂತಿದ್ದರೆ ಭಯ ಬೇಡ. ಪಾಲಿಯೆಸ್ಟರ್ ಸುಮಾರು 70-80 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ. ಆಗ ಹಿಂಡಿದರೆ ಅಥವಾ ಒಮ್ಮೆಲೇ ತಣ್ಣೀರು ಸುರಿದರೆ ಆ ಮುದುಡು ಹಾಗೇ ಗಟ್ಟಿಯಾಗುತ್ತದೆ. ಒಳಮೈ ಹೊರಗೆ ಮಾಡಿ, ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸಿ, ಇಸ್ತ್ರಿಯನ್ನು ಅತಿ ಕಡಿಮೆ ಬಿಸಿಗೆ ಇಟ್ಟು ಒತ್ತಿ ಒತ್ತಿ ಎತ್ತಬೇಕು. ಎಳೆದು ಉಜ್ಜಬಾರದು. ಪಟ್ಟಿಯಲ್ಲಿ ಇಸ್ತ್ರಿಪೆಟ್ಟಿಗೆಯ ಚಿತ್ರದೊಳಗೆ ಒಂದೇ ಚುಕ್ಕಿ ಇದ್ದರೆ 110 ಡಿಗ್ರಿ ಮೀರಬಾರದು ಎಂದರ್ಥ. ಒತ್ತಿದ ಮೇಲೆ ಪೂರ್ತಿ ಆರುವವರೆಗೆ ಮಡಚದೆ ಹಾಗೇ ಬಿಡಬೇಕು. ಇದನ್ನೇ ನಾವು ಮರೆಯುವುದು.

ಬಟ್ಟೆ ಗಿಡ್ಡವಾಗಿದ್ದರೆ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಕೂದಲಿನ ಕಂಡಿಷನರ್ ಹಾಕಿ ಅರ್ಧ ಗಂಟೆ ನೆನೆಸಿ, ಟವೆಲ್ ಮೇಲೆ ಹರಡಿ, ಎರಡೂ ಕಡೆ ಮೆಲ್ಲಗೆ ಎಳೆದು ನೆರಳಲ್ಲಿ ಒಣಗಿಸಿ. ಹತ್ತಿ ಬೆರೆತ ಲೆಗ್ಗಿಂಗ್ಸ್ ಇದರಿಂದ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ. ಪೂರ್ತಿ ಪಾಲಿಯೆಸ್ಟರ್ ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಎಳೆದು ಬಿಟ್ಟಾಗ ಬಟ್ಟೆ ಹಿಂತಿರುಗದಿದ್ದರೆ, ಅಂಚು ಅಲೆ ಅಲೆಯಾಗಿದ್ದರೆ, ಹೊಲಿಗೆಯ ಬಳಿ ಕೂದಲಿನಂಥ ಬಿಳಿ ಎಳೆಗಳು ಹೊರಗೆ ಇಣುಕಿದ್ದರೆ ಎಲಾಸ್ಟೇನ್ ಹೋಗಿದೆ ಎಂದೇ ತಿಳಿಯಿರಿ. ಅದಕ್ಕೆ ಔಷಧಿ ಇಲ್ಲ. ಇನ್ನೊಮ್ಮೆ ಕುದಿಸಿದರೆ ಬಿಗಿಯಾಗುತ್ತದೆ ಎನ್ನುವವರಿದ್ದಾರೆ. ಬಟ್ಟೆ ಕುಗ್ಗಿದರೂ ಕುಗ್ಗೀತು, ಹೋದ ಸ್ಪ್ರಿಂಗ್ ಬರುವುದಿಲ್ಲ. ಬ್ಲೀಚ್ ಹಾಕಿದರೆ ಉಳಿದದ್ದೂ ಹೋಗುತ್ತದೆ. ಆದರೆ ಸೊಂಟದ ಪಟ್ಟಿ ಬೇರೆ, ಬಟ್ಟೆ ಬೇರೆ. ಸೊಂಟಕ್ಕೆ ಹೊಸ ಎಲಾಸ್ಟಿಕ್ ಹಾಕಿಸಬಹುದು. ಪಕ್ಕದ ಹೊಲಿಗೆಯನ್ನು ಒಳಗೆ ತೆಗೆಸಬಹುದು, ಓವರ್‌ಲಾಕ್ ಅಥವಾ ಜಿಗ್‌ಜಾಗ್ ಹೊಲಿಗೆಯಲ್ಲಿ ಮಾತ್ರ. ಸಾದಾ ನೇರ ಹೊಲಿಗೆ ಹಾಕಿದರೆ ಮೊದಲ ಓಟದಲ್ಲೇ ಪಟಪಟನೆ ಬಿಚ್ಚುತ್ತದೆ.

ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬುದನ್ನು ಓದುತ್ತೇವೆ. ಆಸ್ತಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಕೊನೆಗೆ ಗುಜರಿ ಮೌಲ್ಯ ಉಳಿಯುತ್ತದೆ. ನಾವು ಮಾತ್ರ ಒಂದೇ ಒಗೆತಕ್ಕೆ ಇಡೀ ಬೆಲೆಯನ್ನು ನಷ್ಟಕ್ಕೆ ಬರೆದುಬಿಡುತ್ತೇವೆ. ನನ್ನ ಗೆಳತಿಯ ಟೈಟ್ಸ್‌ಗೆ ಸೊಂಟದ ಎಲಾಸ್ಟಿಕ್ ಬದಲಿಸಲು ಟೈಲರ್ ತೆಗೆದುಕೊಂಡದ್ದು 40 ರೂಪಾಯಿ. ಮಂಡಿ ಮೊದಲಿನಂತಾಗಲಿಲ್ಲ. ಅದರ ಮೇಲೆ ಸಡಿಲ ಟ್ರ್ಯಾಕ್ ಪ್ಯಾಂಟ್ ಹಾಕಿ ಆಡುತ್ತಿದ್ದಾಳೆ.

ಕ್ರೀಡಾ ವಿಭಾಗದ ಸರ್ ಅವರಲ್ಲಿ ಒಂದು ವಿನಂತಿ. ಜೆರ್ಸಿ ಹಂಚುವ ದಿನ ಪಟ್ಟಿಯ ಚಿತ್ರಗಳ ಅರ್ಥವನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಉರ್ದು ಬರೆಯಲು ನಾನಿದ್ದೇನೆ. ಅದು ಮನೆಯಲ್ಲಿ ಬಟ್ಟೆ ಒಗೆಯುವವರ ಕೈ ಸೇರಲಿ. ತಾಲ್ಲೂಕು ಪಂದ್ಯಕ್ಕೆ ಹೋಗುವಾಗ ತಂಡದ ಚೀಲದಲ್ಲಿ ಎರಡು ಜೊತೆ ಹೆಚ್ಚುವರಿ ಟೈಟ್ಸ್ ಇರಲಿ, ಯಾರ ಹೆಸರೂ ಕೇಳದೆ ಕೊಡುವಂತಿರಲಿ. ಕಾಲೇಜಿನ ಹಿಂದಿನ ರಸ್ತೆಯ ಟೈಲರ್ ಬಳಿ ಓವರ್‌ಲಾಕ್ ಮೆಷಿನ್ ಇದೆ. ಶುಕ್ರವಾರ ಅವರು ಜುಮಾ ಮುಗಿಸಿ ಮೂರು ಗಂಟೆಯ ಮೇಲೆಯೇ ಬಾಗಿಲು ತೆಗೆಯುವುದು.