ಕಾಲ್ಚೆಂಡಾಟವೂ ಕಾಂಚಾಣವೂ

ಕಾರ್ಮಿಕರ ಪತ್ರಿಕೆಗೆ ಆಟದ ಗೊಡವೆ ಏಕೆ ಎಂದು ಕೆಲವು ವಾಚಕರು ಕೇಳಬಹುದು. ಹಣವುಳ್ಳವನು ಕಟ್ಟಳೆಯನ್ನು ತನ್ನತ್ತ ಬಾಗಿಸಿಕೊಳ್ಳುವ ಬಗೆ ಗಿರಣಿಯಲ್ಲಿಯೂ ಪೇಟೆಯಲ್ಲಿಯೂ ಆಟದ ಬಯಲಿನಲ್ಲಿಯೂ ಒಂದೇ. ಗಿರಣಿಯಲ್ಲಿ ಅದು ಲೆಕ್ಕದ ಪುಸ್ತಕದೊಳಗೆ ಅಡಗಿರುತ್ತದೆ. ಬಯಲಿನಲ್ಲಿ ಸಾವಿರಾರು ಜನರ ಕಣ್ಣೆದುರಿಗೇ ನಡೆಯುತ್ತದೆ. ಆದುದರಿಂದ ಇಂಗ್ಲೆಂಡಿನ ಕಾಲ್ಚೆಂಡಾಟದ ಕಥೆಯನ್ನು ನಮ್ಮ ವಾಚಕರ ಮುಂದಿಡುತ್ತೇವೆ.

ಆ ಆಟ ಬೆಳೆದದ್ದು ಲ್ಯಾಂಕಾಷೈರಿನ ಹತ್ತಿಗಿರಣಿಗಳ ಊರುಗಳಲ್ಲಿ. 1860ರ ದಶಕದಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿ ಹಡಗೇರಿ ಹೋದದ್ದು ಆ ಗಿರಣಿಗಳಿಗೇ. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ ಶ್ರೀಮಂತರ ಮಕ್ಕಳ ಓಲ್ಡ್ ಈಟೋನಿಯನ್ಸ್ ತಂಡವನ್ನು 2-1ರಿಂದ ಸೋಲಿಸಿ ರಾಷ್ಟ್ರದ ಕಪ್ಪನ್ನು ಗೆದ್ದಿತು. ಗೆದ್ದವರಲ್ಲಿ ನೇಕಾರರಿದ್ದರು, ನೂಲುವವರಿದ್ದರು, ಕಬ್ಬಿಣದ ಕಾರ್ಖಾನೆಯ ಕೂಲಿಯಿದ್ದ. ಪಂದ್ಯಕ್ಕೆ ಮುಂಚೆ ಒಬ್ಬ ಕಾರ್ಖಾನೆದಾರನ ಹಣದಿಂದ ಅವರು ಕೆಲವು ದಿನ ಅಭ್ಯಾಸ ಮಾಡಿದ್ದರು. ಅದು ಅನ್ಯಾಯದ ಅನುಕೂಲವೆಂದು ದೊಡ್ಡ ಮನೆಯವರು ಗೊಣಗಿದರು. ವರ್ಷವೆಲ್ಲ ಬಿಡುವಿದ್ದವರಿಗೆ ದಿನಗೂಲಿ ಬಿಟ್ಟು ಬಂದವನ ಕೆಲವು ದಿನದ ಬಿಡುವು ಅನ್ಯಾಯವಾಗಿ ಕಂಡಿತು! 1885ರಲ್ಲಿ ಆಟಗಾರನಿಗೆ ಸಂಬಳ ಕೊಡುವುದು ಕಾನೂನುಬದ್ಧವಾಯಿತು. ಆದರೆ ಅದೇ ಒಲಿಂಪಿಕ್ ತಂಡ, ಹೆಚ್ಚು ಹಣವಿದ್ದ ನೆರೆಯ ತಂಡದೊಡನೆ ಸಂಬಳದಲ್ಲಿ ಪೈಪೋಟಿ ಮಾಡಲಾರದೆ 1889ರಲ್ಲಿ ಮುಚ್ಚಿಹೋಯಿತು.

ಮುಂದೆ ನ್ಯಾಯದ ಹೆಸರಿನಲ್ಲಿ ಒಂದು ಕಟ್ಟಳೆ ಬಂದಿತು. 1901ರಲ್ಲಿ ಆಟಗಾರನ ವಾರದ ಸಂಬಳ 4 ಪೌಂಡು ಮೀರಕೂಡದೆಂದು ಗೊತ್ತುಮಾಡಿದರು. ಶ್ರೀಮಂತ ತಂಡಗಳು ಒಳ್ಳೆಯ ಆಟಗಾರರನ್ನೆಲ್ಲ ಕೊಂಡುಕೊಳ್ಳಬಾರದು ಎಂಬುದು ಕೊಟ್ಟ ಕಾರಣ. ಅರುವತ್ತು ವರ್ಷಗಳ ನಂತರ ಆ ಮಿತಿ 20 ಪೌಂಡು ಮಾತ್ರ ಆಗಿತ್ತು. ಬಾಗಿಲಲ್ಲಿ ಟಿಕೆಟ್ಟಿನ ಹಣ ರಾಶಿ ಬೀಳುತ್ತಿತ್ತು. ಬೆವರು ಸುರಿಸಿದವನಿಗೆ ಮಾತ್ರ ಮಿತಿ. ಕರಾರು ಮುಗಿದರೂ ದಣಿಯ ಅಪ್ಪಣೆಯಿಲ್ಲದೆ ಆಟಗಾರ ಬೇರೆ ತಂಡ ಸೇರುವಂತಿರಲಿಲ್ಲ. ಜಿಮ್ಮಿ ಹಿಲ್‌ರ ನಾಯಕತ್ವದಲ್ಲಿ ಆಟಗಾರರ ಸಂಘ ಮುಷ್ಕರಕ್ಕೆ ಸಜ್ಜಾದ ಮೇಲೆ, 1961ರಲ್ಲಿ ಸಂಬಳದ ಮಿತಿ ಹೋಯಿತು. 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ನ್ಯಾಯಾಲಯದಲ್ಲಿ ಗೆದ್ದಾಗ ಎರಡನೆಯ ಸಂಕೋಲೆಯೂ ಸಡಿಲವಾಯಿತು. ದುಡಿಯುವವನ ಕೂಲಿ ಹಿಸುಕಿ ತರುವ ಸಮಾನತೆ ಸಮಾನತೆಯಲ್ಲ ಎಂಬುದು ಇದರ ಪಾಠ.

ಹಾಗಾದರೆ ಹಣದ ಥೈಲಿ ಬಿಚ್ಚಿದವನೇ ಗೆಲ್ಲಲಿ ಎನ್ನೋಣವೇ? ಅದೂ ಅಲ್ಲ. 1983ರವರೆಗೆ ಊರಿನ ತಂಡ ತನ್ನ ಬಾಗಿಲ ಹುಟ್ಟುವಳಿಯಲ್ಲಿ ಎದುರು ತಂಡಕ್ಕೂ ಪಾಲು ಕೊಡುತ್ತಿತ್ತು. ಆ ವರ್ಷ ದೊಡ್ಡ ತಂಡಗಳು ಅದನ್ನು ನಿಲ್ಲಿಸಿದವು. 1992ರಲ್ಲಿ ಮೇಲಿನ ತಂಡಗಳು ಟೆಲಿವಿಷನ್ನಿನ ಹಣಕ್ಕಾಗಿ ಪ್ರೀಮಿಯರ್ ಲೀಗ್ ಎಂಬ ಬೇರೆ ಒಲೆ ಹೂಡಿದವು. 2003ರಲ್ಲಿ ರಷ್ಯದ ತೈಲದ ಸಾಹುಕಾರನೊಬ್ಬ ಚೆಲ್ಸಿ ತಂಡವನ್ನು ಕೊಂಡ. 2008ರಲ್ಲಿ ಅಬುಧಾಬಿಯ ರಾಜಮನೆತನದ ಹಣ ಮ್ಯಾಂಚೆಸ್ಟರ್ ಸಿಟಿಗೆ ಬಂದಿತು.

ಗಳಿಕೆಗಿಂತ ಮಿಗಿಲಾಗಿ ವೆಚ್ಚ ಮಾಡಕೂಡದೆಂದು ಆಮೇಲೆ ನಿಯಮಗಳು ಬಂದವು. ಕೇಳಲು ಚೆನ್ನ. ಆದರೆ ಗಳಿಕೆಯೇ ಅಳತೆಗೋಲಾದರೆ ಮೊದಲೇ ಹೆಚ್ಚು ಗಳಿಸುವವನು ಹೆಚ್ಚು ವೆಚ್ಚ ಮಾಡಬಹುದು, ಕೆಳಗಿದ್ದವನು ಕೆಳಗೇ ಇರಬೇಕು. ಇನ್ನು ದಂಡನೆಯ ವಿಷಯ. ಎವರ್ಟನ್ ತಂಡದ ತಪ್ಪಿಗೆ 2023ರ ನವೆಂಬರಿನಲ್ಲಿ 10 ಅಂಕ ಕಳೆದರು. ಅಪೀಲಿನಲ್ಲಿ ಅದು 6ಕ್ಕೆ ಇಳಿಯಿತು. ಮ್ಯಾಂಚೆಸ್ಟರ್ ಸಿಟಿಯ ಮೇಲೆ ನೂರಕ್ಕೂ ಮಿಕ್ಕ ಆರೋಪಗಳನ್ನು ಹೊರಿಸಿದ್ದು 2023ರ ಫೆಬ್ರವರಿಯಲ್ಲಿ; ವಿಚಾರಣೆ ತೊಡಗಿದ್ದು 2024ರ ಸೆಪ್ಟೆಂಬರಿನಲ್ಲಿ. ನಡುವೆ ಆ ತಂಡ ಎರಡು ಸಲ ಪ್ರಶಸ್ತಿ ಗೆದ್ದಿತು. ಆರೋಪಗಳನ್ನು ತಂಡ ಅಲ್ಲಗಳೆದಿದೆ. ಎವರ್ಟನ್ ತನ್ನ ತಪ್ಪು ಒಪ್ಪಿತ್ತು. ಆರೋಪವನ್ನೇ ಅಪರಾಧವೆನ್ನಲು ನಾವು ಸಿದ್ಧರಿಲ್ಲ. ಆದರೂ ತಕ್ಕಡಿಯ ತಪ್ಪಿಗೆ ಸಣ್ಣ ಅಂಗಡಿಯವನು ನಿಂತಲ್ಲೇ ದಂಡ ತೆರುವುದನ್ನೂ, ಮಂಡಿ ಸಾಹುಕಾರನ ಮೊಕದ್ದಮೆ ವಾಯಿದೆಯಿಂದ ವಾಯಿದೆಗೆ ಸಾಗುವುದನ್ನೂ ಕಂಡ ನಮ್ಮ ವರ್ತಕ ಮಿತ್ರರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇದರಲ್ಲಿ ಸೊರಗುವವರು ಯಾರು? ಹತ್ತಿಗಿರಣಿಯ ಊರಾದ ಬೆರಿಯ ತಂಡ ಹುಟ್ಟಿದ್ದು 1885ರಲ್ಲಿ. ಎರಡು ಸಲ ಕಪ್ಪು ಗೆದ್ದ ಆ ತಂಡವನ್ನು ಮಾಲೀಕತನದ ಹಣದ ಗೊಂದಲದಿಂದಾಗಿ 2019ರ ಆಗಸ್ಟಿನಲ್ಲಿ ಲೀಗಿನಿಂದ ಹೊರಹಾಕಿದರು. ತಲೆಮಾರುಗಳಿಂದ ಟಿಕೆಟ್ಟು ಕೊಂಡ ಜನರನ್ನು ಯಾರೂ ಕೇಳಲಿಲ್ಲ. ಕೊನೆಗೆ ಆ ಜನರೇ ಒಂದುಗೂಡಿ, 2023ರಲ್ಲಿ ತಮ್ಮ ಹಳೆಯ ಬಯಲಿನಲ್ಲಿ ಮತ್ತೆ ಆಟ ನಡೆಸಿದರು. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ಶ್ರೀಮಂತ ತಂಡಗಳು ತಮಗಾಗಿಯೇ ಒಂದು ಸೂಪರ್ ಲೀಗ್ ಕಟ್ಟಹೊರಟವು. ಪ್ರೇಕ್ಷಕರು ಬೀದಿಗಿಳಿದರು, ಎರಡೇ ದಿನಗಳಲ್ಲಿ ಇಂಗ್ಲೆಂಡಿನ ಆರು ತಂಡಗಳೂ ಹಿಂದೆಗೆದವು.

ನಮ್ಮ ಅಭಿಪ್ರಾಯ ಇಷ್ಟೇ. ಮಿತಿ ಬೀಳಬೇಕಾದದ್ದು ಮಾಲೀಕನ ಥೈಲಿಗೆ, ಆಟಗಾರನ ಕೂಲಿಗಲ್ಲ. ಎದುರಾಳಿಯಿಲ್ಲದೆ ಪಂದ್ಯವೇ ಇಲ್ಲವಾದ್ದರಿಂದ ಹುಟ್ಟುವಳಿಯಲ್ಲಿ ಎದುರಾಳಿಗೂ ಪಾಲಿರಬೇಕು. ಲೆಕ್ಕ ಕೇಳುವ ಮೇಜಿನಲ್ಲಿ ಪ್ರೇಕ್ಷಕನಿಗೂ ಆಟಗಾರನಿಗೂ ಜಾಗ ಬೇಕು. ಬ್ರಿಟನ್ನಿನ ಪಾರ್ಲಿಮೆಂಟು 2025ರಲ್ಲಿ ಕಾನೂನು ಮಾಡಿ ಸ್ವತಂತ್ರ ನಿಯಂತ್ರಕನನ್ನು ನೇಮಿಸಲು ಒಪ್ಪಿದೆ. ಅದನ್ನು ದಣಿಗಳು ದಾನವಾಗಿ ಕೊಡಲಿಲ್ಲ. ಬೆರಿಯಂಥ ಊರುಗಳ ಸಂಕಟವೂ ಬೀದಿಗಿಳಿದ ಜನರ ಕೂಗೂ ಅದನ್ನು ತಂದುಕೊಟ್ಟವು. ಬಯಲಾಗಲಿ ಗಿರಣಿಯಾಗಲಿ, ಸಂಘಟಿತರಾಗಿ ಕೇಳಿದವರಿಗೇ ನ್ಯಾಯ ದಕ್ಕೀತು.