ಬಾಡಿಗೆಗೆ ಸಿಕ್ಕ ಹಳ್ಳಿಮನೆ

ಮೊನ್ನೆ ಶನಿವಾರ ಬೆಳಿಗ್ಗೆ ಐದಕ್ಕೇ ಯಲಹಂಕ ಬಿಟ್ವಿ. ಅಮ್ಮ, ನನ್ನಾಕೆ, ಮಗಳು, ನಾನು. ಹೊರಟಿದ್ದು ಸಕಲೇಶಪುರದ ಕಡೆಯ ಒಂದು ಹಳ್ಳಿಮನೆಗೆ. ಹಳೇ ಕಾಲದ ತೊಟ್ಟಿಮನೆಯಂತೆ, ಇಡೀ ಮನೆ ನಮಗೇ ಅಂತೆ, ಒಂದು ರಾತ್ರಿಗೆ ಒಂಬತ್ತು ಸಾವಿರ. ನಮ್ಮ ಕಡೆಯವರಿಗೆ ಗೊತ್ತೇ ಇದೆಯಲ್ಲ, ಹೆಬ್ಬಾಳದಿಂದ ಬಿಇಎಲ್ ಸರ್ಕಲ್ ಮೇಲೆ ಹೋಗಿ ಗೊರಗುಂಟೆಪಾಳ್ಯ ದಾಟಿದರೆ ಅರ್ಧ ಪ್ರಯಾಣ ಮುಗಿದ ಹಾಗೆ! ಆಮೇಲೆ ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ.... ಹಾಸನ ದಾಟಿದ ಮೇಲೆ ಗಾಳಿಯೇ ಬೇರೆ.

ಅಲ್ಲೇ ಎಲ್ಲೋ ಮಗಳು ಹಿಂದಿನ ಸೀಟಿನಿಂದ ಕೇಳಿದಳು. "ಅಪ್ಪಾ, ನಮ್ದೂ ಇಂಥದ್ದೇ ಮನೆ ಇದೆ ಅಂತೀಯಲ್ಲ, ಅಲ್ಲಿಗೆ ಯಾಕೆ ಹೋಗಲ್ಲ?"

ಇದೆ. ಕೊಪ್ಪ ತಾಲ್ಲೂಕಿನಲ್ಲಿ, ಅಜ್ಜ ಕಟ್ಟಿಸಿದ್ದು. ದೊಡ್ಡಪ್ಪ ತೀರಿಕೊಂಡ ಮೇಲೆ ಬೀಗ ಬಿದ್ದಿದೆ. ವರ್ಷಕ್ಕೊಮ್ಮೆ ಹೋದರೂ ಇರೋದು ಎರಡು ದಿನ ರಜೆ, ಆ ಎರಡು ದಿನವೂ ಗುಡಿಸೋದಕ್ಕೇ ಬೇಕು. ಇದನ್ನೆಲ್ಲ ಮಗಳಿಗೆ ಹೇಳೋದು ಹೇಗೆ? "ಅಲ್ಲಿ ಗೀಸರ್ ಇಲ್ಲ ಪುಟ್ಟಾ" ಅಂದೆ. ಅಮ್ಮ ಕಿಟಕಿಯಾಚೆ ನೋಡ್ತಾ ಕೂತಿದ್ದರು.

ಮನೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮರದ ಕಂಬ, ಕೆಂಪು ನೆಲ, ಮಂಗಳೂರು ಹೆಂಚು. ಗೇಟು ತೆಗೆದವನು ಅಸ್ಸಾಮಿನ ಹುಡುಗ, ಪಾಪ ಒಳ್ಳೆಯವನು. ಮನೆಯವರೆಲ್ಲಿ ಅಂದರೆ ಗೊತ್ತಿಲ್ಲ. ಮನೆಯನ್ನು ಯಾರೋ ಬೆಂಗಳೂರಿನವರು ಲೀಸಿಗೆ ತಗೊಂಡಿದ್ದಾರಂತೆ. ಹಿಂದುಗಡೆ ಹರಿಯೋ ಹಳ್ಳದ ಹೆಸರೇನು ಅಂದರೆ "ಮಾಲೂಮ್ ನಹೀ ಸಾಬ್" ಅಂತ ನಕ್ಕ. ಅವನಾದರೂ ಏನು ಮಾಡ್ತಾನೆ, ಅವನ ಊರಿನ ಹಳ್ಳದ ಹೆಸರು ಅವನಿಗೆ ಗೊತ್ತಿರುತ್ತೆ.

ಸಂಜೆ ಅಮ್ಮ ದೇವರಿಗೆ ದೀಪ ಹಚ್ಚೋಣ ಅಂತ ದೇವರ ಮನೆ ಹುಡುಕಿದರು. ಇಂಥ ಮನೆಗಳಲ್ಲಿ ಅದು ಎಲ್ಲಿರುತ್ತೆ ಅಂತ ಅವರಿಗೆ ಯಾರೂ ಹೇಳಬೇಕಾಗಿಲ್ಲ. ನೇರವಾಗಿ ಹೋಗಿ ಬಾಗಿಲು ತೆಗೆದರು. ಒಳಗೆ ಕಮೋಡು, ಗೀಸರು. ಅಟ್ಯಾಚ್ಡ್ ಬಾತ್‌ರೂಮ್ ಮಾಡಿದ್ದಾರೆ. ಅಮ್ಮ ಏನೂ ಅನ್ನಲಿಲ್ಲ, ಬಾಗಿಲು ಮುಂದೆ ಮಾಡಿಕೊಂಡು ಬಂದು ಜಗಲಿಯಲ್ಲಿ ಕೂತರು. ರಾತ್ರಿ ಊಟಕ್ಕೆ ಕೂತಾಗ ಮಾತ್ರ "ಯಾರ ಮನೆಯೋ ಏನೋ ಮಾರಾಯ" ಅಂದರು.

ನನ್ನ ಚಿಕ್ಕಪ್ಪನ ಮಗ ಫ್ರಾನ್ಸಿನ ತೂಲೂಸಿನಲ್ಲಿದ್ದಾನೆ. ಅವರೂ ರಜೆ ಬಂದರೆ ಕಾರು ಹತ್ತಿ ಹಳ್ಳಿಮನೆ ಬಾಡಿಗೆಗೆ ಹಿಡಿದು ಹೋಗ್ತಾರೆ. ಅದಕ್ಕೆ ಅಲ್ಲಿ 'ಝೀತ್' ಅಂತಾರಂತೆ. "ಜೀತ ಅಲ್ಲ ಮಾರಾಯಾ, ಝೀತ್" ಅಂತ ನಗಿಸ್ತಾನೆ. ಯುದ್ಧ ಮುಗಿದ ಮೇಲೆ ಅಲ್ಲಿಯೂ ಜನ ಊರು ಬಿಟ್ಟು ಪಟ್ಟಣ ಸೇರಿ ಹಳ್ಳಿಗಳು ಖಾಲಿಯಾಗ್ತಿದ್ದವು. ಪಾಳು ಬೀಳ್ತಿದ್ದ ರೈತರ ಮನೆಗಳನ್ನು ರಿಪೇರಿ ಮಾಡಿಸಿ ಪಟ್ಟಣದವರಿಗೆ ಕಡಿಮೆ ಖರ್ಚಿನಲ್ಲಿ ರಜೆಗೆ ಕೊಡೋದು ಅಂತ ಯೋಜನೆ ಹಾಕಿದರು. ಮೊದಲ ಮನೆ ತೆರೆದದ್ದು 1951ರಲ್ಲಿ. 1955ರಲ್ಲಿ ಇಡೀ ದೇಶಕ್ಕೆ 'ಝೀತ್ ದ ಫ್ರಾನ್ಸ್' ಅನ್ನೋ ಸಂಘಟನೆಯಾಯ್ತು. ಹೋಟೆಲಿಗೆ ನಕ್ಷತ್ರ ಕೊಡೋ ಹಾಗೆ ಈ ಮನೆಗಳಿಗೆ ಗೋಧಿ ತೆನೆ ಕೊಡ್ತಾರೆ, ಒಂದರಿಂದ ಐದರವರೆಗೆ. ಇವನು ಹೋದಲ್ಲೆಲ್ಲ ಪಕ್ಕದಲ್ಲೇ ಇರೋ ಮನೆಯ ಯಜಮಾನರೇ ಬಂದು ಕೀಲಿ ಕೊಟ್ಟು, ಮಾತಾಡಿಸಿ ಹೋಗಿದ್ದಾರಂತೆ.

ನಮ್ಮಲ್ಲಿ ಶುರುವಾಗಿದ್ದೂ ಹೆಚ್ಚುಕಮ್ಮಿ ಹೀಗೇ. 2000ದ ಆಸುಪಾಸಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದಾಗ ಕೊಡಗು, ಚಿಕ್ಕಮಗಳೂರಿನ ಎಷ್ಟೋ ಬೆಳೆಗಾರರು ಮನೆಯ ಒಂದೆರಡು ಕೋಣೆ ಅತಿಥಿಗಳಿಗೆ ಬಿಟ್ಟುಕೊಟ್ಟರು. ಮನೆಯವರು ಅಲ್ಲೇ ವಾಸವಾಗಿರಬೇಕು ಅನ್ನೋದು ಕೇಂದ್ರ ಸರ್ಕಾರ ಹೋಂಸ್ಟೇಗೆ ಮಾಡಿದ ನಿಯಮದಲ್ಲೇ ಇತ್ತು. ಮನೆಯವರೇ ಇಲ್ಲದ ಮೇಲೆ ಅದು ಹೆಂಚು ಹೊದಿಸಿದ ಲಾಡ್ಜು, ಅಷ್ಟೇ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಕೊಪ್ಪದ ಮನೆಗೂ ಒಬ್ಬರು ಬಂದು ಕೇಳಿದ್ದಾರೆ. ಐದು ವರ್ಷದ ಲೀಸು, ರಿಪೇರಿ ಎಲ್ಲಾ ಅವರದ್ದೇ. "ದೇವರ ಮನೆ ಗೋಡೆ ಒಂದು ಒಡೀಬೇಕಾಗುತ್ತೆ ಸಾರ್" ಅಂದಿದ್ದರು. ಹೋದ ತಿಂಗಳು ಆ ಮಾತು ನನಗೆ ಏನೂ ಅನ್ನಿಸಿರಲಿಲ್ಲ!

ಹಾಗಂತ ಬೀಗ ಹಾಕಿಟ್ಟುಕೊಂಡು ಪರಂಪರೆ ಅಂತ ಭಾಷಣ ಮಾಡೋ ಯೋಗ್ಯತೆಯೂ ನನಗಿಲ್ಲ. ಒಲೆ ಉರಿಯದ ಮನೆ ಉಳಿಯೋಲ್ಲ. ದಿನಾ ಹೊಗೆ ತಾಗ್ತಿದ್ದರೆ ಜಂತಿಗೆ ಹುಳ ಬೀಳೋದು ಕಡಿಮೆ. ವರ್ಷಾ ವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸದಿದ್ದರೆ ಒಂದು ಒಡೆದ ಹೆಂಚು ಸಾಕು, ನೀರು ಇಳಿದು ಪಕಾಸಿ ಕುಂಬಾಗುತ್ತೆ, ಹಿಂದೆಯೇ ವರಲೆ ಬರುತ್ತೆ. ಬೀಗ ಹಾಕಿದ ಮನೆ ನಿಧಾನವಾಗಿ ಸಾಯುತ್ತೆ, ಲೀಸಿಗೆ ಕೊಟ್ಟ ಮನೆ ಬೇಗ ಬೇರೆಯವರದ್ದಾಗುತ್ತೆ. ವ್ಯತ್ಯಾಸ ಅಷ್ಟೇ.

ನನಗನ್ನಿಸೋದು ಇಷ್ಟು. ಬಾಡಿಗೆಗೆ ಕೊಡೋದು ತಪ್ಪಲ್ಲ, ಆದರೆ ಆ ಮನೆಯಲ್ಲಿ ಯಾರಾದರೂ ಬದುಕಬೇಕು. ನಮ್ಮ ಅಡಿಕೆ ತೋಟ ನೋಡಿಕೊಳ್ಳೋ ಗಂಡ-ಹೆಂಡತಿ ಇದ್ದಾರೆ. ಅರ್ಧ ಮನೆಯಲ್ಲಿ ಅವರು ಸಂಸಾರ ಹೂಡಲಿ, ಎರಡು ಕೋಣೆ ಮಾತ್ರ ಅತಿಥಿಗಳಿಗಿರಲಿ, ಬಂದ ದುಡ್ಡಲ್ಲಿ ಪಾಲು ಅಂತ ವಾಪಸ್ ಬರುವಾಗ ಕಾರಿನಲ್ಲಿ ಹೇಳಿದೆ. ನನ್ನಾಕೆ ಬಿಡಲಿಲ್ಲ. "ಅಂದ್ರೆ ಬೆಳಿಗ್ಗೆ ಐದಕ್ಕೆದ್ದು ಅಕ್ಕಿರೊಟ್ಟಿ ತಟ್ಟೋದು ಆಯಮ್ಮ, ಯಲಹಂಕದಲ್ಲಿ ಕೂತು ಪಾಲು ಎಣಿಸೋದು ನೀವು. ಅಲ್ವಾ?"

ಕುಣಿಗಲ್‌ವರೆಗೂ ಉತ್ತರ ಹೊಳೀಲಿಲ್ಲ. ಪಾಲು ಅವರಿಗೇ ಪೂರ್ತಿ ಬಿಟ್ಟರೆ? ಮನೆ ಉಳಿಯುತ್ತಲ್ಲ, ನಮಗೆ ಬೇಕಾಗಿರೋದು ಅದೇ ತಾನೇ? ಅಥವಾ ನನಗೆ ದುಡ್ಡೂ ಬೇಕಾ? ಅಮ್ಮ ಮಾತ್ರ ಒಂದೇ ಮಾತು ಹೇಳಿದರು, "ದೀಪ ಹಚ್ಚೋರು ಯಾರಾದ್ರೂ ಆಗ್ಲಿ."

ಲೀಸಿನವರಿಗೆ ಆಗಲ್ಲ ಅಂತ ಫೋನ್ ಮಾಡಿದ್ದಾಯ್ತು. ಮೇ ತಿಂಗಳು ಮುಗಿಯೋದರೊಳಗೆ ಹೆಂಚು ಕೈಯಾಡಿಸಬೇಕು, ಅಷ್ಟರೊಳಗೆ ತೋಟದವರ ಹತ್ತಿರ ಕೂತು ಮಾತಾಡಬೇಕು. ಮಗಳೂ ಬರ್ತಾಳಂತೆ. ಗೀಸರ್ ಇಲ್ಲ ಅಂದರೆ "ಪರವಾಗಿಲ್ಲ" ಅಂದಳು.

ನಿಮ್ಮ ಊರಿನ ಮನೆ ಕೀಲಿ ಈಗ ಯಾರ ಹತ್ತಿರ ಇದೆ?